ಕೇಳಿದ್ದಕ್ಕೆ ಉತ್ತರ: ಕಾರ್ಖಾನೆಯಲ್ಲಿ ಆಡಳಿತ ಮತ್ತು ಕಾರ್ಮಿಕರ ಮಾತುಕತೆ ನಡೆಸುವ ಬಗೆ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಿರಲಿ, ಚಳ್ಳಕೆರೆಯ ಎಣ್ಣೆ ಮಿಲ್ಲಿರಲಿ, ಆಡಳಿತದ ಕಡೆಯಿಂದ ಮಾತಿಗೇನೂ ಕೊರತೆಯಿಲ್ಲ. ನೋಟಿಸು, ವಾಟ್ಸಾಪ್ ಗ್ರೂಪು, ಆಯುಧಪೂಜೆಯ ದಿನದ ಭಾಷಣ ಎಲ್ಲವೂ ಇರುತ್ತವೆ. ಇಲ್ಲದಿರುವುದು ಕೆಳಗಿನಿಂದ ಬಂದ ಪ್ರಶ್ನೆಗೆ ಹೇಳಿದ ದಿನದೊಳಗೆ ಉತ್ತರ. "ಬಸ್ಸಿನ ದುಡ್ಡು ಯಾಕೆ ನಿಲ್ಸಿದ್ರಿ?" ಎಂದು ಕೇಳಿದವರಿಗೆ ಮೂರು ವಾರ ಉತ್ತರ ಸಿಗದಿದ್ದರೆ ಅವರು ಮತ್ತೆ ಕೇಳುವುದಿಲ್ಲ. ಊಟದ ಹೊತ್ತಿನಲ್ಲಿ ತಮ್ಮತಮ್ಮಲ್ಲೇ ಒಂದು ಉತ್ತರ ಕಟ್ಟಿಕೊಳ್ಳುತ್ತಾರೆ, ಅದೇ ಸಂಜೆಯೊಳಗೆ ಎಲ್ಲ ಪಾಳಿಗೂ ಹಬ್ಬುತ್ತದೆ. ಹಾಗಾಗಿ ಮೊದಲು ಮಾಡಬೇಕಾದ್ದು ಉತ್ತರ ಕೊಡುವ ವ್ಯವಸ್ಥೆ. ಘೋಷಣೆಗಳು ಆಮೇಲೆ.

ಪ್ರಶ್ನೆ ಪುಸ್ತಕ

ಒಂದು ಉದ್ದನೆಯ ರಿಜಿಸ್ಟರ್ ಸಾಕು. ಕಾಲಂ ಐದು: ತಾರೀಖು, ಪ್ರಶ್ನೆ, ಉತ್ತರ ಕೊಡಬೇಕಾದವರು, ಯಾವತ್ತಿನೊಳಗೆ, ಕೊಟ್ಟ ಉತ್ತರ. ಕೇಳಿದವರ ಹೆಸರಿಗೆ ಕಾಲಂ ಬೇಡ; ಹೆಸರು ಬೇಕೆಂದರೆ ಪ್ರಶ್ನೆಗಳು ನಿಲ್ಲುತ್ತವೆ. ಬರೆಯಲು ಬಾರದವರು ಹೇಳಿದ್ದನ್ನು ಅವರಾಡಿದ ಮಾತಿನಲ್ಲೇ ಬರೆದುಕೊಳ್ಳಲು ಪ್ರತಿ ಪಾಳಿಯಲ್ಲಿ ಒಬ್ಬರನ್ನು ಕಾರ್ಮಿಕರೇ ಆರಿಸಲಿ.

ಪುಸ್ತಕದ ಜೊತೆ ಪೆಟ್ಟಿಗೆಯನ್ನೂ ಇಡುವುದಾದರೆ ಜಾಗ ನೋಡಿ ಇಡಿ. ಎಚ್‌ಆರ್ ಕೋಣೆಯ ಬಾಗಿಲಲ್ಲಿ, ಸಿಸಿಟಿವಿ ಕಣ್ಣಿನ ಕೆಳಗೆ ಇಟ್ಟ ಪೆಟ್ಟಿಗೆ ಖಾಲಿಯೇ ಇರುತ್ತದೆ. ಕುಡಿಯುವ ನೀರಿನ ಹತ್ತಿರವಾದರೆ ಎಲ್ಲರೂ ಹೇಗೂ ಹೋಗುತ್ತಾರೆ, ಯಾರು ಚೀಟಿ ಹಾಕಿದರೆಂದು ತಿಳಿಯದು. ಪ್ರತಿ ಸೋಮವಾರ ಇಬ್ಬರು ಕಾರ್ಮಿಕರ ಎದುರಿಗೆ ಬೀಗ ತೆಗೆಯಿರಿ, ಏಳು ದಿನದೊಳಗೆ ಉತ್ತರ ಬರೆದು ಬೋರ್ಡಿಗೆ ಹಾಕಿ. "ಪರಿಶೀಲನೆಯಲ್ಲಿದೆ" ಎಂಬುದನ್ನು ಉತ್ತರವೆಂದು ಎಣಿಸಬೇಡಿ. "ಈ ವರ್ಷ ಆಗುವುದಿಲ್ಲ, ಕಾರಣ ಇದು" ಎಂದರೆ ಜನ ಬೇಸರಪಟ್ಟರೂ ನಂಬುತ್ತಾರೆ.

ಲೈಂಗಿಕ ಕಿರುಕುಳದ ದೂರು ಈ ಪುಸ್ತಕಕ್ಕೆ ಬರಕೂಡದು. ಹತ್ತು ಅಥವಾ ಹೆಚ್ಚು ಜನರಿರುವ ಕಡೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು. ಅಂಥ ಚೀಟಿ ಪೆಟ್ಟಿಗೆಯಲ್ಲಿ ಸಿಕ್ಕರೆ ಎಲ್ಲರೆದುರು ಓದದೆ ನೇರ ಸಮಿತಿಯ ಅಧ್ಯಕ್ಷೆಗೆ ತಲುಪಿಸಿ. ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿದ್ದರೆ ಕುಂದುಕೊರತೆ ಸಮಿತಿಯೂ ಕಡ್ಡಾಯ, ಅದರಲ್ಲಿ ಎರಡೂ ಕಡೆಯವರು ಸಮಸಮ ಇರಬೇಕು. ಬಹಳ ಕಡೆ ಇದು ಕಾಗದದ ಮೇಲಷ್ಟೇ ಇರುತ್ತದೆ. ಪುಸ್ತಕದಲ್ಲಿ ಎರಡು ಸಲ ಉತ್ತರ ಸಿಕ್ಕರೂ ಬಗೆಹರಿಯದ ವಿಷಯವನ್ನು ಈ ಸಮಿತಿಗೆ ಒಯ್ದರೆ ಅದಕ್ಕೆ ಜೀವ ಬರುತ್ತದೆ.

ಬಟವಾಡೆಯ ವಾರ

ಗಾಳಿಮಾತು ಹೆಚ್ಚು ಹುಟ್ಟುವುದು ಪಗಾರದ ಸುತ್ತ. ತಿಂಗಳ ಪಗಾರ ಮುಂದಿನ ತಿಂಗಳ 7ರೊಳಗೆ ಕೈಸೇರಬೇಕು. ತಡವಾಗುವ ಸೂಚನೆ ಕಂಡರೆ 5ನೇ ತಾರೀಖೇ ಹೇಳಿ, ಹೊಸ ದಿನವನ್ನೂ ಹೇಳಿ. 8ರಂದು ಹೇಳಿದರೆ ಸಮಜಾಯಿಷಿಯಂತೆ ಕೇಳಿಸುತ್ತದೆ.

ಪಗಾರ ಚೀಟಿ ಕೊಟ್ಟ ಮಾತ್ರಕ್ಕೆ ಅರ್ಥವಾಗುವುದಿಲ್ಲ. ಹೊಸಬರೆದುರು ಒಮ್ಮೆ ಲೆಕ್ಕ ಮಾಡಿ ತೋರಿಸಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ 15,000 ರೂಪಾಯಿ, ಬೇರೆ ಭತ್ಯೆಯಿಲ್ಲ ಎನ್ನೋಣ. ಪಿಎಫ್ ಶೇ 12 ಎಂದರೆ 1,800. ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ, ಶೇ 0.75 ಎಂದರೆ 112 ರೂಪಾಯಿ 50 ಪೈಸೆ, ಮುಂದಿನ ರೂಪಾಯಿಗೆ ಏರಿಸಿ 113. ಕೈಗೆ ಬರುವುದು 13,087. "ಕಂಪನಿ 1,900 ಹಿಡ್ಕೊಂತು" ಎನ್ನುವ ದೂರಿಗೆ ಇದೇ ಉತ್ತರ. ಅಲ್ಲೇ ಅವರ ಫೋನಿನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು, ಅವರ ಹಣವೂ ಕಂಪನಿಯ ಪಾಲೂ ಜಮೆಯಾಗಿರುವುದನ್ನು ತೋರಿಸಿ. ಜಮೆ ಆಗಿರದಿದ್ದರೆ ಮೊದಲು ಅದನ್ನು ಸರಿಮಾಡಿ. ಹಣ ಕಟ್ಟದೆ ವಿಶ್ವಾಸದ ಮಾತಾಡಿದರೆ ಯಾರೂ ಕಿವಿಗೊಡುವುದಿಲ್ಲ.

ಪಾಳಿ ಶುರುವಿನ ಐದು ನಿಮಿಷ

ದಿನವೂ ಐದರಿಂದ ಏಳು ನಿಮಿಷ, ಹಾಜರಿ ಬಿದ್ದ ಮೇಲೆ, ಪಗಾರದ ವೇಳೆಯಲ್ಲೇ ನಿಂತು ಮಾತಾಡಿ. ಹಾಜರಿಗೆ ಮುಂಚೆ ಕರೆದರೆ, ಚಹಾದ ವಿರಾಮದಿಂದ ಕಡಿದರೆ, ಅದು ಬಿಟ್ಟಿ ದುಡಿಮೆ ಅನ್ನಿಸುತ್ತದೆ. ಒಂದು ಗುಂಪಿಗೆ 20–25 ಜನ ಸಾಕು. ಯಂತ್ರ ಓಡುವ ಹಾಲ್ ಬಿಟ್ಟು ಅಂಗಳಕ್ಕೆ ಬನ್ನಿ, ಹಿಂದಿನ ಸಾಲಿನವರಿಗೆ ಕೇಳಿಸಿತೇ ಎಂದು ವಿಚಾರಿಸಿ. ಹೇಳಬೇಕಾದ್ದು ಇಷ್ಟೇ: ನಿನ್ನೆ ಎಲ್ಲಿ ಎಡವಟ್ಟಾಯಿತು, ಇವತ್ತು ಏನು ಬೇಕು, ಪ್ರಶ್ನೆ ಪುಸ್ತಕದಿಂದ ಒಂದು ಉತ್ತರ. ಹೇಳುವವರು ಆ ಸಾಲಿನ ಸೂಪರ್‌ವೈಸರೇ ಆಗಿರಲಿ. ಮ್ಯಾನೇಜರ್ ಬಂದು ನಿಂತರೆ ಜನ ಬಾಯಿ ಬಿಡುವುದಿಲ್ಲ.

ಇಡೀ ವ್ಯವಸ್ಥೆ ನಿಲ್ಲುವುದೂ ಮುರಿಯುವುದೂ ಸೂಪರ್‌ವೈಸರ್ ಕೈಯಲ್ಲಿ. ಐವತ್ತು ದಾಟಿದ ಹೆಂಗಸನ್ನು "ಏಯ್, ಬಾರೇ ಇಲ್ಲಿ" ಎಂದು ಕರೆಯುವವರ ಬಾಯಿಂದ ಯಾವ ಒಳ್ಳೆಯ ಸುದ್ದಿ ಬಂದರೂ ಮನಸ್ಸಿಗೆ ಇಳಿಯದು. "ಅಕ್ಕ", "ಅಣ್ಣ", "ಬನ್ರಿ" ಎಂಬುದನ್ನು ನಿಯಮವಾಗಿಯೇ ಮಾಡಿ. "ನಂಗೊತ್ತಿಲ್ಲ, ಗುರುವಾರ ಕೇಳಿ ಹೇಳ್ತೀನಿ" ಎನ್ನುವುದನ್ನೂ ಅಭ್ಯಾಸ ಮಾಡಿಸಿ, ಗುರುವಾರ ಹೇಳಿದರೋ ಇಲ್ಲವೋ ನೋಡಿ.

ನೋಟಿಸು ಬರೆಯುವ ರೀತಿ

"ಆಡಳಿತಾತ್ಮಕ ಕಾರಣಗಳಿಂದ ಪಾಳಿಯ ಸಮಯವನ್ನು ಪರಿಷ್ಕರಿಸಲಾಗಿದ್ದು, ಸಂಬಂಧಪಟ್ಟವರು ಸಹಕರಿಸತಕ್ಕದ್ದು" ಎಂಬ ಸಾಲಿನಲ್ಲಿ ಕಾರ್ಮಿಕರಿಗೆ ಬೇಕಾದ್ದು ಒಂದೂ ಇಲ್ಲ. ಹೀಗೆ ಬರೆಯಿರಿ: "ಜೂನ್ 1ರಿಂದ ಮೊದಲ ಪಾಳಿ 6ರ ಬದಲು 6.30ಕ್ಕೆ ಶುರು, ಬಿಡುವುದು 2.30ಕ್ಕೆ. ಜಗಳೂರು ಕಡೆಯಿಂದ ಬರುವವರಿಗೆ ಬಸ್ ಸಿಗುತ್ತಿಲ್ಲವೆಂದು ಈ ಬದಲಾವಣೆ. ಪಗಾರದಲ್ಲಿ ವ್ಯತ್ಯಾಸವಿಲ್ಲ. ತೊಂದರೆಯಾಗುವವರು ಮೇ 15ರೊಳಗೆ ಪುಸ್ತಕದಲ್ಲಿ ಬರೆಸಿ." ಕೆಲಸದ ವೇಳೆ, ವಿರಾಮದಂಥವನ್ನು ಬದಲಿಸಲು ಕಾನೂನು 21 ದಿನದ ಮುಂಚಿತ ನೋಟಿಸು ಕೇಳುತ್ತದೆ. ಆ ಅವಧಿಯನ್ನು ಕಾರ್ಮಿಕರ ಮಾತು ಕೇಳಲು ಬಳಸಿಕೊಳ್ಳಿ. ಅಕ್ಕಿ ಗಿರಣಿ, ಗಣಿಗಳಲ್ಲಿ ಹಿಂದಿ ಮಾತಾಡುವವರಿದ್ದರೆ ಅದೇ ಹಾಳೆಯ ಕೆಳಗೆ ಹಿಂದಿಯಲ್ಲೂ ಬರಲಿ.

ವಾಟ್ಸಾಪ್ ಗ್ರೂಪಿನಲ್ಲಿ ಒಂದು ನಿಮಿಷ ಮೀರದ ಧ್ವನಿ ಸಂದೇಶ ಕಳಿಸಿ. ಓದಲು ಕಷ್ಟಪಡುವವರಿಗೂ ಅದು ತಲುಪುತ್ತದೆ. ಎಷ್ಟೋ ಮನೆಗಳಲ್ಲಿ ಫೋನು ಮಗನ ಕೈಯಲ್ಲೋ ಗಂಡನ ಕೈಯಲ್ಲೋ ಇರುವುದರಿಂದ ಮುಖ್ಯ ಸುದ್ದಿಯನ್ನು ಅದೊಂದಕ್ಕೇ ಬಿಡಬೇಡಿ. ಗೈರಾದವರ ಪಟ್ಟಿ ಅಲ್ಲಿ ಹಾಕಲೇಬೇಡಿ.

ಸುಗ್ಗಿ, ಜಾತ್ರೆಗಳ ರಜೆ

ಅಕ್ಟೋಬರ್–ನವೆಂಬರಿನಲ್ಲಿ ಮೆಕ್ಕೆಜೋಳದ ಕೊಯ್ಲು. ಆಗ ಅರ್ಧ ಸಾಲು ಖಾಲಿಯಾಯಿತೆಂದು ಕೂಗಾಡಿ ಪ್ರಯೋಜನವಿಲ್ಲ, ಹೊಲ ಕಾಯುವುದಿಲ್ಲ. ಸೆಪ್ಟೆಂಬರ್ ಮೊದಲ ವಾರ ಗೋಡೆಗೆ ದೊಡ್ಡ ಕ್ಯಾಲೆಂಡರ್ ಹಾಕಿ, ಯಾರಿಗೆ ಯಾವ ವಾರ ಬೇಕೆಂದು ಅವರಿಂದಲೇ ಗುರುತು ಹಾಕಿಸಿ. ಒಂದೇ ವಾರಕ್ಕೆ ಜನ ಹೆಚ್ಚಾದರೆ ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ಆ ಸಾಲಿನವರೇ ಕೂತು ತೀರ್ಮಾನಿಸಲಿ. ಸೂಪರ್‌ವೈಸರ್ ಇಷ್ಟದಂತೆ ಹಂಚಿದರೆ ಜಗಳ ಖಂಡಿತ. ದುಗ್ಗಮ್ಮನ ಜಾತ್ರೆಯ ವರ್ಷ ದಾವಣಗೆರೆಯಲ್ಲಿ, ನಾಯಕನಹಟ್ಟಿ ತೇರಿನ ಹೊತ್ತಿಗೆ ಚಿತ್ರದುರ್ಗ ಕಡೆಯಲ್ಲಿ ಇದೇ ಕ್ರಮ. ಒಪ್ಪಿದ ರಜೆಯನ್ನು ಆರ್ಡರ್ ಬಂತೆಂದು ಕೊನೇ ಗಳಿಗೆಯಲ್ಲಿ ರದ್ದು ಮಾಡಬೇಡಿ. ಮುಂದಿನ ವರ್ಷ ಯಾರೂ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದಿಲ್ಲ, ಹೇಳದೆ ಹೋಗುತ್ತಾರೆ.