ಹೆಸರು ಗೊತ್ತಾಗದ ಕಾಯಿಲೆಯಿರುವ ಮಗುವಿಗೆ ಪ್ರವಾಸ ವಿಮೆ ಮಾಡಿಸುವ ಬಗೆ

ನಮ್ಮ ಮಗಳಿಗೆ ಎರಡನೆಯ ವರ್ಷದಿಂದ ಆಗಾಗ ಫಿಟ್ಸ್ ಬರುತ್ತಿದೆ. ಇಇಜಿ, ಎಂಆರ್‌ಐ, ಕೊನೆಗೆ ವಂಶವಾಹಿಗಳನ್ನು ಓದುವ ಎಕ್ಸೋಮ್ ಪರೀಕ್ಷೆಯನ್ನೂ ಮಾಡಿಸಿದ್ದಾಯಿತು. ಕಾಯಿಲೆ ಇಂಥದ್ದೇ ಎಂದು ಹೇಳಲು ವೈದ್ಯರಿಗೆ ಇನ್ನೂ ಸಾಧ್ಯವಾಗಿಲ್ಲ. ಅಮೆರಿಕದಲ್ಲಿರುವ ತಂಗಿಯ ಮನೆಗೆ ಹೊರಟಾಗ ವಿಮೆಯ ಪ್ರಪೋಸಲ್ ಫಾರ್ಮಿನಲ್ಲಿ ‘ಮೊದಲೇ ಇರುವ ಕಾಯಿಲೆ ಉಂಟೇ? ಇದ್ದರೆ ಹೆಸರಿಸಿ’ ಎಂಬ ಕಲಮಿನ ಮುಂದೆ ನಾನು ಪೆನ್ನು ಹಿಡಿದು ಕುಳಿತಿದ್ದೆ. ಏಜೆಂಟರು, “ಹೆಸರೇ ಇಲ್ಲವಲ್ಲ ಸಾರ್, ‘ಇಲ್ಲ’ ಅಂತ ಹಾಕಿಬಿಡಿ” ಎಂದರು. ಈ ಸಲಹೆಯನ್ನು ಯಾವ ತಂದೆತಾಯಿಯೂ ಒಪ್ಪಬಾರದು.

ಕಾರಣ ಸರಳವಾಗಿದೆ. ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಆರೋಗ್ಯ ವಿಮೆಗೆಂದು ನೀಡಿರುವ ವ್ಯಾಖ್ಯೆಯ ಪ್ರಕಾರ, ಪಾಲಿಸಿ ಆರಂಭವಾಗುವ ಮುಂಚಿನ 36 ತಿಂಗಳಲ್ಲಿ ವೈದ್ಯರು ಪತ್ತೆಹಚ್ಚಿದ ಕಾಯಿಲೆ ಮಾತ್ರವಲ್ಲ, ಆ ಅವಧಿಯಲ್ಲಿ ವೈದ್ಯರ ಸಲಹೆ ಅಥವಾ ಚಿಕಿತ್ಸೆ ಪಡೆದ ಯಾವುದೇ ತೊಂದರೆಯೂ ‘ಮೊದಲೇ ಇದ್ದ ಕಾಯಿಲೆ’ಯೇ ಆಗುತ್ತದೆ. ಅಂದರೆ ಕಾಯಿಲೆಗೆ ಹೆಸರು ಸಿಗದಿದ್ದರೂ, ಮಗು ಮಾತ್ರೆ ನುಂಗುತ್ತಿದೆ ಎಂಬುದಷ್ಟೇ ಸಾಕು. ಪ್ರವಾಸ ವಿಮೆಯ ಪಾಲಿಸಿಯಲ್ಲಿ ಈ ವ್ಯಾಖ್ಯೆಯ ಮಾತುಗಳು ಬೇರೆಯಾಗಿರಬಹುದು, ಆದರೂ ಹೆಸರಿಲ್ಲವೆಂದು ಕಾಯಿಲೆಯನ್ನೇ ಬಿಟ್ಟುಬಿಡುವುದು ಅಪಾಯ. ‘ಇಲ್ಲ’ ಎಂದು ಬರೆದು ಹೊರಟವರ ಮಗುವಿಗೆ ಅಲ್ಲಿ ಕಾಲು ಮುರಿದರೂ, ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಹಳೆಯ ಡಿಸ್‌ಚಾರ್ಜ್ ಸಮ್ಮರಿ ಕಂಪನಿಯ ಕೈಗೆ ಸಿಕ್ಕರೆ, ಮಾಹಿತಿ ಮುಚ್ಚಿಟ್ಟಿರಿ ಎಂಬ ನೆಪದಲ್ಲಿ ಇಡೀ ಕ್ಲೇಮು ಬಿದ್ದುಹೋಗಬಹುದು. ಹೆಸರಿನ ಜಾಗದಲ್ಲಿ ಲಕ್ಷಣವನ್ನು ಬರೆಯಿರಿ: ‘ಫಿಟ್ಸ್, ಕಾರಣ ಪತ್ತೆಯಾಗಿಲ್ಲ, ಚಿಕಿತ್ಸೆ ನಡೆಯುತ್ತಿದೆ, ವೈದ್ಯರ ಪತ್ರ ಲಗತ್ತಿಸಿದೆ.’

ಎಲ್ಲವೂ ನಿಂತಿರುವುದು ಆ ಪತ್ರದ ಮೇಲೆ. ನಮಗೆ ಮೊದಲು ಸಿಕ್ಕ ಪತ್ರದಲ್ಲಿ ‘ಅಂಡರ್ ಇವ್ಯಾಲ್ಯುಯೇಷನ್’ (ತಪಾಸಣೆ ನಡೆಯುತ್ತಿದೆ) ಎಂಬುದರ ಹೊರತು ಹೆಚ್ಚೇನೂ ಇರಲಿಲ್ಲ. ಕಂಪನಿ ಅರ್ಜಿಯನ್ನು ಹಿಂದಿರುಗಿಸಿತು. ತನಿಖೆ ಮುಗಿಯದ ಕಾಯಿಲೆ ಎಂದರೆ ಎಷ್ಟು ಖರ್ಚು ಬಂದೀತೆಂದು ವಿಮೆಯವರಿಗೆ ಅಳೆಯಲಾಗುವುದಿಲ್ಲ, ಅಳೆಯಲಾಗದ್ದನ್ನು ಅವರು ಒಪ್ಪುವುದೂ ಇಲ್ಲ. ಎರಡನೆಯ ಸಲ ನಾನು ವೈದ್ಯರೆದುರು ಕುಳಿತು, ಕೊನೆಯ ಫಿಟ್ಸ್ ಬಂದ ದಿನ, ಕೊನೆಯ ಸಲ ಆಸ್ಪತ್ರೆಗೆ ಸೇರಿಸಿದ ದಿನ, ಔಷಧದ ಪ್ರಮಾಣ ಎಂದಿನಿಂದ ಬದಲಾಗಿಲ್ಲ, ಯಾವ ಪರೀಕ್ಷೆಯ ಫಲಿತಾಂಶ ಬಾಕಿಯಿದೆ, ಮಗು ವಿಮಾನ ಪ್ರಯಾಣಕ್ಕೆ ಯೋಗ್ಯಳೇ ಎಂಬುದನ್ನೆಲ್ಲ ಇಂಗ್ಲಿಷಿನಲ್ಲಿ, ಔಷಧಗಳ ಜೆನರಿಕ್ ಹೆಸರುಗಳೊಂದಿಗೆ (ಬ್ರ್ಯಾಂಡಿನದಲ್ಲ, ಮೂಲ ಔಷಧದ ಹೆಸರು) ಬರೆಸಿಕೊಂಡೆ. ವೈದ್ಯರಿಗೆ ಏನಾದರೂ ಅನುಮಾನವಿದ್ದರೆ ಅದನ್ನು ಪತ್ರದಲ್ಲಿ ಬರೆಯಬೇಡಿ ಎಂದು ಒತ್ತಾಯಿಸಬೇಡಿ. ಅನುಮಾನವನ್ನು ಅನುಮಾನವೆಂದೇ ಬರೆಯಲಿ. ಈ ಪತ್ರವನ್ನು ನೋಡಿದ ಇನ್ನೊಂದು ಕಂಪನಿ ಪಾಲಿಸಿ ಕೊಟ್ಟಿತು. ಫಿಟ್ಸ್‌ಗೆ ಜೀವಾಪಾಯದ ತುರ್ತು ಚಿಕಿತ್ಸೆ ಮಾತ್ರ, ಉಳಿದೆಲ್ಲಕ್ಕೂ ಪೂರ್ಣ ರಕ್ಷಣೆ ಎಂಬುದು ಅವರ ಷರತ್ತಾಗಿತ್ತು.

ಪ್ರಯಾಣದ ದಿನವನ್ನೂ ಯೋಚಿಸಿ ಗೊತ್ತುಮಾಡಬೇಕು. ಹೊಸ ಔಷಧ ಶುರುವಾದ ವಾರದಲ್ಲಾಗಲಿ, ದೊಡ್ಡ ಪರೀಕ್ಷೆಯ ವರದಿ ಕಾಯುತ್ತಿರುವಾಗಲಾಗಲಿ ಹೊರಡದಿದ್ದರೆ ಒಳ್ಳೆಯದು. ಆನ್‌ಲೈನಿನಲ್ಲಿ ಐದು ನಿಮಿಷದಲ್ಲಿ ಸಿಗುವ ಪಾಲಿಸಿ ಇಂಥ ಮಕ್ಕಳಿಗಲ್ಲ. ಕನಿಷ್ಠ ಒಂದು ತಿಂಗಳ ಮುಂಚೆಯೇ ಕಂಪನಿಗೆ ಇಮೇಲ್ ಬರೆದು, ಉತ್ತರವನ್ನೂ ಇಮೇಲಿನಲ್ಲೇ ಪಡೆಯಿರಿ. ಫೋನಿನಲ್ಲಿ ‘ಎಲ್ಲ ಕವರ್ ಆಗುತ್ತೆ’ ಎಂದ ಮಾತು ಕ್ಲೇಮಿನ ಹೊತ್ತಿಗೆ ಸಾಕ್ಷಿಯಾಗಿ ನಿಲ್ಲುವುದಿಲ್ಲ.

ಪಾಲಿಸಿಯಲ್ಲಿ ‘ಯಾವುದಕ್ಕೆ ಹಣ ಸಿಗುವುದಿಲ್ಲ’ ಎಂಬ ಭಾಗವನ್ನು ಪೂರ್ತಿ ಓದಿ. ಜನ್ಮಜಾತ ದೋಷ ಎಂಬ ಪದ ಅಲ್ಲಿದ್ದರೆ ವಿಶೇಷವಾಗಿ ಎಚ್ಚರವಿರಲಿ, ಏಕೆಂದರೆ ಇಂದು ಹೆಸರಿಲ್ಲದ ಕಾಯಿಲೆ ನಾಳೆ ವಂಶವಾಹಿಯ ದೋಷವೆಂದು ತಿಳಿದುಬಂದಾಗ ಅದೇ ಪದವನ್ನು ಮುಂದಿಡಲು ಅವಕಾಶವಿದೆ. ಇದರ ಬಗ್ಗೆಯೂ ಮೊದಲೇ ಲಿಖಿತವಾಗಿ ಕೇಳಿ. ಮಗುವಿನ ಅನಾರೋಗ್ಯದಿಂದ ಪ್ರಯಾಣವೇ ರದ್ದಾದರೆ ಟಿಕೆಟ್ಟಿನ ಹಣ ಬರುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ, ಅದನ್ನೂ ಸೇರಿಸಿಕೊಳ್ಳಿ.

ಯುರೋಪಿನಲ್ಲಿ ಒಂದೇ ವೀಸಾ ನಡೆಯುವ ಷೆಂಗೆನ್ ದೇಶಗಳ ವೀಸಾಕ್ಕೆ ಕನಿಷ್ಠ 30,000 ಯೂರೋ ರಕ್ಷಣೆಯಿರುವ ಪಾಲಿಸಿ ಕಡ್ಡಾಯ. ಆದರೆ ವೀಸಾಕ್ಕೆ ಸಾಲುವ ಪಾಲಿಸಿ ಮಗುವಿಗೂ ಸಾಲುತ್ತದೆ ಎಂದೇನಿಲ್ಲ. ಅಮೆರಿಕಕ್ಕೆ ಹೋಗುವವರಿಗೆ ಅಲ್ಲಿನ ಕಂಪನಿಗಳೂ ಪಾಲಿಸಿ ಮಾರುತ್ತವೆ. ಅವುಗಳಲ್ಲಿ ಬರುವ ‘ಅಕ್ಯೂಟ್ ಆನ್‌ಸೆಟ್’ ಎಂಬ ಮಾತಿಗೆ, ಹಳೆಯ ಕಾಯಿಲೆ ಯಾವ ಸೂಚನೆಯನ್ನೂ ಕೊಡದೆ ಹಠಾತ್ತನೆ ಉಲ್ಬಣಿಸಿ, ಸಾಮಾನ್ಯವಾಗಿ 24 ಗಂಟೆಯೊಳಗೆ ಚಿಕಿತ್ಸೆ ಪಡೆದಿರಬೇಕು ಎಂಬ ಅರ್ಥವಿದೆ. ನಿಧಾನವಾಗಿ ಹೆಚ್ಚಾಗುವ ತೊಂದರೆಗೆ ಅದು ಅನ್ವಯಿಸುವುದಿಲ್ಲ.

ಪಾಲಿಸಿ ಕೊಂಡ ಮೇಲೆ, ಹೊರಡುವ ಮುನ್ನ ಔಷಧ ಬದಲಾದರೆ ಅಥವಾ ಕಾಯಿಲೆಯ ಹೆಸರೇ ತಿಳಿದರೆ ಕೂಡಲೇ ಕಂಪನಿಗೆ ತಿಳಿಸಿ. ಪತ್ರ, ಪಾಲಿಸಿ, ಔಷಧದ ಚೀಟಿ ಇವುಗಳ ಪ್ರತಿಗಳು ಕೈಚೀಲದಲ್ಲಿಯೇ ಇರಲಿ. ವಿಮೆಯವರ ತುರ್ತು ಸಂಖ್ಯೆಯನ್ನು ನಾನು ಮಗಳ ಮಾತ್ರೆ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದೆ, ಗಾಬರಿಯಲ್ಲಿ ಮೊದಲು ಕೈ ಹೋಗುವುದು ಅಲ್ಲಿಗೇ. ಸಾಧ್ಯವಾದ ಮಟ್ಟಿಗೆ ಆಸ್ಪತ್ರೆಗೆ ಸೇರಿಸುವ ಮುನ್ನವೇ ಆ ಸಂಖ್ಯೆಗೆ ಕರೆ ಮಾಡಿ.

ಇಷ್ಟರ ಮೇಲೂ ಭಾರತದ ಕಂಪನಿ ಕ್ಲೇಮು ತಿರಸ್ಕರಿಸಿದರೆ, ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮೆಯ ದೂರುಗಳನ್ನು ವಿಚಾರಿಸುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಸಲ್ಲಿಸಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ‘ಫಿಟ್ಸ್, ಕಾರಣ ಪತ್ತೆಯಾಗಿಲ್ಲ’ ಎಂದು ನೀವು ತುಂಬಿದ ಫಾರ್ಮಿನ ಪ್ರತಿಯನ್ನು ದೂರಿನ ಮೊದಲ ಲಗತ್ತಾಗಿ ಇಡಿ.