ಶೋರ್‌ಲೈನ್ ಪಾರ್ಕಲ್ಲಿ ನಾನು ಹಕ್ಕಿ ನೋಡೋದು ಕಲ್ತಿದ್ದು

ಕೆಲ್ಸಕ್ಕೆ ಅಂತ ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ, ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಿನ ಊರುಗಳ ಕಡೆಗೆ ಬಂದ ಹೊಸತರಲ್ಲಿ ವೀಕೆಂಡ್ ಆದ್ರೆ ಮೌಂಟನ್ ವ್ಯೂನ ಶೋರ್‌ಲೈನ್ ಪಾರ್ಕಿಗೆ ಹೋಗ್ತಿದ್ವಿ, ಗಾಳಿಪಟ ಹಾರಿಸೋದು, ಲೇಕಲ್ಲಿ ಬೋಟು, ಹಸಿರು ಗುಡ್ಡದ ಮುಂದೆ ಒಂದು ಫೋಟೋ, ಅಷ್ಟೇ. ಆ ಗುಡ್ಡದ ಒಳಗೆ ಇರೋದು ಕಸ ಅಂತ ಗೊತ್ತಾಗಿದ್ದು ಆಮೇಲೆ. 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಸ ತಂದು ಇಲ್ಲಿ ತುಂಬಿದ್ರು, ಮೇಲೆ ಮಣ್ಣು ಮುಚ್ಚಿ 1983ರಲ್ಲಿ ಪಾರ್ಕ್ ಓಪನ್ ಆಯ್ತು. ಆಚೆ ಕಡೆ ಕಾಣೋ ಕೊಳಗಳು ಮುಂಚೆ ಉಪ್ಪು ತಯಾರಿಸೋ ಕಂಪನಿಯವಾಗಿದ್ವು, 2003ರಲ್ಲಿ ಕೊಲ್ಲಿಯ ದಕ್ಷಿಣದ ಕಡೆ ಇಂಥ 15,100 ಎಕರೆ ಕಾರ್ಗಿಲ್ ಅನ್ನೋ ಆ ಕಂಪನಿಯಿಂದ ಸರ್ಕಾರದ ಕೈಗೆ ಬಂತು, ಈಗ ಅದನ್ನ ಹಕ್ಕಿ, ಪ್ರಾಣಿಗಳಿಗೆ ಅಂತ ಸರಿಪಡಿಸ್ತಿದ್ದಾರೆ.

ಬೈನಾಕ್ಯುಲರ್ ತಗೊಂಡು ಮೂರು ಭಾನುವಾರ ಹೋದೆ. ದೂರದ ಕೆಸರಲ್ಲಿ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿ ಬಿಟ್ರೆ ಏನೂ ಕಾಣ್ಲಿಲ್ಲ. ಬೆಂಚಲ್ಲಿ ಕೂತಿದ್ದ ವಯಸ್ಸಾದವರೊಬ್ರು ಟೈಡ್, ಅಂದ್ರೆ ಸಮುದ್ರದ ನೀರಿನ ಏರಿಳಿತ, ನೋಡ್ಕೊಂಡು ಬಂದ್ಯಾ ಅಂತ ಕೇಳಿದ್ರು. ನೀರು ಇಳಿದಾಗ ಹಕ್ಕಿಗಳೆಲ್ಲ ಕೊಲ್ಲಿಯ ಕೆಸರಿಗೆ ಮೇಯೋಕೆ ಹೋಗ್ತವೆ, ನೀರು ಏರಿ ಕೆಸರು ಮುಳುಗಿದ್ರೆ ಈ ಕೊಳಗಳಿಗೆ, ನಮ್ಮ ಕಾಲ್ದಾರಿ ಪಕ್ಕಕ್ಕೇ ಬರ್ತವೆ. ಅವತ್ತಿಂದ ಟೈಡ್ ಟೇಬಲ್ ನೋಡದೆ ಮನೆ ಬಿಟ್ಟಿಲ್ಲ, ನೀರು ಪೂರ್ತಿ ಏರೋಕೆ ಒಂದು ಗಂಟೆ ಮುಂಚೆ ಪಾರ್ಕ್ ಪಕ್ಕದ ಚಾರ್ಲ್‌ಸ್ಟನ್ ಸ್ಲೂ ಅನ್ನೋ ಕೆಸರು ಜಾಗದ ಹತ್ರ ಇರ್ತೀನಿ.

ಇನ್ನೊಂದು, ಒಂದು ದಿನಕ್ಕೆ ಒಂದೇ ಹಕ್ಕಿ ಅಂತ ಇಟ್ಕೊಂಡೆ. ಮೊದಲ್ನೇದು ಆವೊಸೆಟ್. ಕೊಕ್ಕಿನ ತುದಿ ಮೇಲಕ್ಕೆ ಬಾಗಿರತ್ತೆ, ಅದನ್ನ ನೀರಲ್ಲಿ ಎಡಕ್ಕೆ ಬಲಕ್ಕೆ, ಹುಲ್ಲು ಕೊಯ್ಯೋ ಕುಡುಗೋಲು ಥರ ಬೀಸ್ತಾ ನಡೀತದೆ, ಅರ್ಧ ಗಂಟೆ ಅದೊಂದನ್ನೇ ನೋಡಿದೆ, ಈಗ ಎಷ್ಟು ದೂರ ಇದ್ರೂ ಬೀಸೋದ್ರಲ್ಲೇ ಗುರುತು ಸಿಗತ್ತೆ. ಬಿಳಿ ಪೆಲಿಕನ್ ನೋಡಿದಾಗಂತೂ ಕಣ್ಣು ತುಂಬಿ ಬಂತು, ಚಿಕ್ಕವನಿದ್ದಾಗ ಕೊಕ್ಕರೆ ಬೆಳ್ಳೂರಲ್ಲಿ ಮನೆ ಹಿತ್ತಲ ಮರದಲ್ಲಿ ಹೆಜ್ಜಾರ್ಲೆ, ಅಂದ್ರೆ ನಮ್ಮ ಕಡೆಯ ಪೆಲಿಕನ್ ಗೂಡು ನೋಡಿದೋನು ನಾನು. ಇಲ್ಲಿಯವು ಸಾಲಾಗಿ ಈಜ್ತಾ ಮೀನು ಅಟ್ಕೊಂಡು ಬಂದು ಎಲ್ಲಾ ಒಟ್ಟಿಗೆ ತಲೆ ಮುಳುಗಿಸ್ತವೆ.

ಏಪ್ರಿಲ್‌ನಿಂದ ಸ್ವಲ್ಪ ಜೋಪಾನ ಬೇಕು. ನಮ್ಮ ಮೆಟ್ಟುಗಾಲು ಹಕ್ಕಿಯ ನೆಂಟ ಸ್ಟಿಲ್ಟ್ ನೆಲದ ಮೇಲೇ ಮೊಟ್ಟೆ ಇಡತ್ತೆ. ಒಂದ್ಸಲ ಮಗಳು ದಾರಿ ಬಿಟ್ಟು ಎರಡು ಹೆಜ್ಜೆ ಇಟ್ಟಿದ್ದಕ್ಕೆ ಒಂದು ಸ್ಟಿಲ್ಟ್ ತಲೆ ಮೇಲೆ ಸುತ್ತುತ್ತಾ ಕಿರುಚಿ, ಕೆಳಗಿಳಿದು ರೆಕ್ಕೆ ಮುರಿದ ಹಾಗೆ ಎಳ್ಕೊಂಡು ಹೋಯ್ತು, ನಮ್ಮನ್ನ ಗೂಡಿಂದ ದೂರ ಕರ್ಕೊಂಡು ಹೋಗೋ ನಾಟಕ ಅದು. ಅವಳನ್ನ ಎತ್ಕೊಂಡು ಹಿಂದಕ್ಕೆ ಬಂದೆ. ಅದು ಸುಮ್ಮನಾಗೋಕೆ ಇನ್ನೂ ಹತ್ತು ನಿಮಿಷ ಬೇಕಾಯ್ತು.