ಡಾಲಸ್‌ಗೆ ಹೊಸದಾಗಿ ಬಂದಿರಾ? ಬಿಲ್ಲಿನ ಡಜನ್ ಲೆಕ್ಕ ಕಲಿತುಕೊಳ್ಳಿ

ನಾನಿಲ್ಲಿಗೆ ಬಂದ ಮೊದಲ ವಾರ. ಜೇಬಿನಲ್ಲಿದ್ದದ್ದು ಇಪ್ಪತ್ತು ಡಾಲರಿನ ಒಂದೇ ನೋಟು. ಬಕೆಟ್, ಮಗ್, ಪೊರಕೆ ಎಲ್ಲ ಮನಸ್ಸಲ್ಲೇ ಕೂಡಿಕೊಂಡೆ: 19.50. ಸರಿ ಹೋಯ್ತು ಅಂದುಕೊಂಡರೆ ಕೌಂಟರಿನಲ್ಲಿ ಬಿಲ್ 21.11! ಹಿಂದೆ ಸಾಲು ಬೇರೆ. ಪೊರಕೆ ಅಲ್ಲೇ ಬಿಟ್ಟು ಬಂದೆ.

ಊರಲ್ಲಿ ಎಂಆರ್‌ಪಿ ಅಂದರೆ ತೆರಿಗೆಯೆಲ್ಲ ಸೇರಿದ ಬೆಲೆ. ಇಲ್ಲಿ ಶೆಲ್ಫಿನ ಚೀಟಿಯಲ್ಲಿ ಸೇಲ್ಸ್ ಟ್ಯಾಕ್ಸ್ ಇರುವುದಿಲ್ಲ. ಟೆಕ್ಸಸ್ ರಾಜ್ಯದ ಪಾಲು ಶೇ. 6.25. ಊರಿನ ಪಾಲು, ಸಾರಿಗೆ ಸಂಸ್ಥೆಯ ಪಾಲು ಎಲ್ಲ ಸೇರಿ ಹೆಚ್ಚೆಂದರೆ ಇನ್ನೊಂದು ಶೇ. 2. ನಮ್ಮವರು ಜಾಸ್ತಿ ಇರುವ ಅರ್ವಿಂಗ್, ಪ್ಲೇನೋ, ಫ್ರಿಸ್ಕೋಗಳಲ್ಲಿ ಪೂರ್ತಿ 8.25 ಕಟ್ಟಬೇಕು. ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ ಅಂತ ಖುಷಿಪಟ್ಟಿರಲ್ವಾ, ಅದನ್ನು ಇಲ್ಲಿ ಸ್ವಲ್ಪ ವಸೂಲು ಮಾಡುತ್ತಾರೆ.

ಈ 8.25 ಹೆಚ್ಚುಕಡಿಮೆ ಹನ್ನೆರಡರಲ್ಲಿ ಒಂದು ಪಾಲು. ಡಜನ್ ಡಾಲರಿಗೆ ಒಂದು ಡಾಲರ್ ತೆರಿಗೆ ಅಂತ ಇಟ್ಟುಕೊಳ್ಳಿ. 24ಕ್ಕೆ 2, 60ಕ್ಕೆ 5. ನಿಜವಾದ ತೆರಿಗೆ ಇದಕ್ಕಿಂತ ಡಜನ್ನಿಗೆ ಒಂದು ಸೆಂಟ್ ಕಡಿಮೆಯೇ ಬರುತ್ತೆ, ಆದ್ದರಿಂದ ಕೈಯಲ್ಲಿನ ದುಡ್ಡು ಸಾಲದೆ ಹೋಗುವುದಿಲ್ಲ.

ಆದರೆ ಎಲ್ಲದಕ್ಕೂ ತೆರಿಗೆ ಇಲ್ಲ. ಅಕ್ಕಿ, ಬೇಳೆ, ಹಾಲು, ತರಕಾರಿ, ಕುಡಿಯುವ ನೀರಿನ ಬಾಟಲಿಗೆ ಇಲ್ಲ. ಕೋಲಾ, ಚಾಕೊಲೇಟಿಗೆ ಉಂಟು. ಇಂಡಿಯನ್ ಅಂಗಡಿಯಲ್ಲಿ ಫ್ರೀಜರಿನ ಸಮೋಸಕ್ಕೆ ಇಲ್ಲ, ಕೌಂಟರಿನ ಬಿಸಿ ಸಮೋಸಕ್ಕೆ ಉಂಟು. ನೀವು 22 ಡಾಲರಿನ ಸೋನಾ ಮಸೂರಿ ಮೂಟೆ, 9 ಡಾಲರಿನ ತೊಗರಿಬೇಳೆ, 3 ಡಾಲರಿನ ಊದುಬತ್ತಿ, 60 ಡಾಲರಿನ ಕುಕ್ಕರ್ ತಗೊಂಡಿರಿ ಅನ್ನಿ. ಅಕ್ಕಿ ಬೇಳೆ ಪಕ್ಕಕ್ಕಿಡಿ. ಉಳಿದ 63ಕ್ಕೆ ಮಾತ್ರ ತೆರಿಗೆ, 5.20. ಒಟ್ಟು 99.20.

ಬಟ್ಟೆಗೂ ತೆರಿಗೆ ಇದೆ. ಆದರೆ ಆಗಸ್ಟಿನಲ್ಲಿ ಒಂದು ಶುಕ್ರವಾರದಿಂದ ಭಾನುವಾರದವರೆಗೆ ನೂರು ಡಾಲರಿಗಿಂತ ಕಡಿಮೆ ಬೆಲೆಯ ಬಟ್ಟೆ, ಶೂ, ಮಕ್ಕಳ ಶಾಲೆಯ ಬ್ಯಾಗಿಗೆ ವಿನಾಯಿತಿ. ನೂರು ಅನ್ನುವುದು ಒಂದೊಂದು ವಸ್ತುವಿನ ಲೆಕ್ಕ, ಇಡೀ ಬಿಲ್ಲಿನದ್ದಲ್ಲ. 99.99ರ ಶೂಗೆ ತೆರಿಗೆ ಇಲ್ಲ, ಸರಿಯಾಗಿ 100 ಆದರೆ ಪೂರ್ತಿ ನೂರಕ್ಕೂ ಬೀಳುತ್ತೆ. ಮಕ್ಕಳಿದ್ದರೆ ಅಲ್ಲಿಯವರೆಗೆ ಕಾಯಿರಿ.

ಪೆಟ್ರೋಲ್ ಬಂಕಿನಲ್ಲಿ ಮಾತ್ರ ನಮ್ಮೂರಿನ ಹಾಗೆ, ಬೋರ್ಡಿನ ಬೆಲೆಯಲ್ಲೇ ತೆರಿಗೆ ಸೇರಿರುತ್ತೆ.

ಕೊನೆಗೆ ಹೋಟೆಲ್. ಟಿಪ್ ಲೆಕ್ಕ ಹಾಕುವುದು ತೆರಿಗೆ ಸೇರುವ ಮುಂಚಿನ ಮೊತ್ತಕ್ಕೆ. ತೆರಿಗೆಯನ್ನು ಎರಡರಿಂದ ಗುಣಿಸಿದರೆ ಶೇ. 16.5 ಆಯ್ತು, ಟಿಪ್ಪಿಗೆ ಅಷ್ಟು ಸಾಕು. ನಮ್ಮ ಮನೆಯವರು ಇದನ್ನು ಜಿಪುಣತನ ಅಂತಾರೆ, ಶೇ. 20 ಕೊಡುತ್ತಾರೆ.